ಮೊದಲು ಬಾನೆಟ್ ಎತ್ತಿ, ಮನಸ್ಸು ಆಮೇಲೆ ಬರುತ್ತದೆ

ಟೂಲ್‌ಬಾಕ್ಸ್ ತಂದು ಒಂದು ವರ್ಷ ಎಂಟು ತಿಂಗಳಾಗಿತ್ತು. ಸಾಕೆಟ್‌ಗಳ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಹರಿದಿರಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ "ಇವತ್ತು ಕೂರಲೇಬೇಕು" ಅಂದುಕೊಳ್ಳುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಏನೋ ಒಂದು ಅಡ್ಡ ಬರುತ್ತಿತ್ತು. ಮನೆಯ ನಲ್ಲಿ, ಹೊಲಿಗೆ ಮೆಷಿನ್ನು, ಮಿಕ್ಸಿ ಎಲ್ಲವನ್ನೂ ನಾನೇ ಬಿಚ್ಚಿ ಜೋಡಿಸುತ್ತೇನೆ. ಕಾರಿನ ಮುಂದೆ ಮಾತ್ರ ಕೈ ಓಡುತ್ತಿರಲಿಲ್ಲ. ಅದು ಭಯ ಅಂತ ಒಪ್ಪಿಕೊಳ್ಳಲು ಬಹಳ ದಿನ ಬೇಕಾಯಿತು.

ನಿಮ್ಮದೂ ಇದೇ ಕತೆ ಆದರೆ ಒಂದು ಕಾಗದ ತೆಗೆದುಕೊಳ್ಳಿ. ಯಾವುದಕ್ಕೆ ಭಯ ಅಂತ ಬಿಡಿಸಿ ಬರೆಯಿರಿ. "ಕಾರು ಕಷ್ಟ" ಅಂತ ಬರೆದರೆ ಸಾಲದು. ನಾನು ಬರೆದದ್ದು ಮೂರು. ಬಿಚ್ಚಿದ್ದನ್ನು ವಾಪಸ್ ಜೋಡಿಸಲು ಬರದಿದ್ದರೆ? ಏನಾದರೂ ಮುರಿದರೆ? ನನ್ನ ತಪ್ಪಿನಿಂದ ರಸ್ತೆಯಲ್ಲಿ ಯಾರಿಗಾದರೂ ಏಟಾದರೆ? ಮೊದಲ ಎರಡಕ್ಕೆ ಉಪಾಯ ಇದೆ. ಮೂರನೆಯ ಭಯ ಇರಲೇಬೇಕು. ಅದಕ್ಕೇ ಬ್ರೇಕು, ಸ್ಟೀರಿಂಗು, ಏರ್‌ಬ್ಯಾಗ್ ಇವನ್ನು ಶುರುವಿನಲ್ಲಿ ಮುಟ್ಟುವುದೇ ಇಲ್ಲ ಅಂತ ತೀರ್ಮಾನ ಮಾಡಿದೆ. ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕಾರಾದರೆ ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳನ್ನೂ ಇದೇ ಪಟ್ಟಿಗೆ ಸೇರಿಸಿ. ಹೀಗೆ ಒಂದು ಗೆರೆ ಎಳೆದ ಮೇಲೆ ಉಳಿದ ಕೆಲಸಗಳ ಮೇಲಿನ ಹೆದರಿಕೆ ಎಷ್ಟೋ ಇಳಿಯಿತು.

ಆಮೇಲೆ ಒಂದು ವಾರ ಬರೀ ನೋಡಿ. ದಿನಕ್ಕೆ ಹತ್ತು ನಿಮಿಷ, ಎಂಜಿನ್ ತಣ್ಣಗಿರುವಾಗ. ಬಾನೆಟ್ ಎತ್ತಿ, ಕಾರಿನ ಮ್ಯಾನ್ಯುಯಲ್ ಪಕ್ಕದಲ್ಲಿ ಇಟ್ಟುಕೊಂಡು ಒಂದೊಂದೇ ಭಾಗವನ್ನು ಗುರುತಿಸಿ. ಡಿಪ್‌ಸ್ಟಿಕ್ ಎಳೆದು, ಒರೆಸಿ, ಮತ್ತೆ ಅದ್ದಿ ಆಯಿಲ್ ಮಟ್ಟ ನೋಡಿ. ಎಂಜಿನ್ ತಣ್ಣಗಿಡುವ ನೀರಿನ, ಅಂದರೆ ಕೂಲೆಂಟಿನ, ಮಟ್ಟ ಅದರ ಡಬ್ಬಿಯ ಮೇಲಿನ ಎರಡು ಗೆರೆಗಳ ನಡುವೆ ಇದೆಯಾ ನೋಡಿ. ಬಿಸಿ ಇರುವಾಗ ಆ ಮುಚ್ಚಳ ತೆಗೆಯಲೇಬೇಡಿ, ಒಳಗೆ ಒತ್ತಡದಲ್ಲಿರುವ ನೀರು ಮುಖಕ್ಕೇ ಚಿಮ್ಮುತ್ತದೆ. ನಾನು ಮೊದಲ ಎರಡು ದಿನ ನೋಡಿದಾಗ ಕಂಡದ್ದು ಕಪ್ಪು ಪೈಪು, ವಯರುಗಳ ಗೋಜಲು ಅಷ್ಟೇ. ನಾಲ್ಕನೇ ದಿನ ಬ್ಯಾಟರಿಯ ಒಂದು ತುದಿಯಲ್ಲಿ ಬಿಳಿ, ಹಸಿರು ಪುಡಿ ಹೂವಿನ ಥರ ಕಟ್ಟಿಕೊಂಡಿರುವುದು ಕಣ್ಣಿಗೆ ಬಿತ್ತು. ಎಷ್ಟು ದಿನದಿಂದ ಇತ್ತೋ! ಯಾವುದು ಏನು ಅಂತ ಗೊತ್ತಾಗುತ್ತಾ ಬಂದಂತೆ, ಯಾವುದು ಸರಿ ಇಲ್ಲ ಅನ್ನುವುದೂ ತಾನಾಗಿ ಕಾಣತೊಡಗುತ್ತದೆ.

ಮೊದಲ ಕೆಲಸ ಆರಿಸುವಾಗ ತುಂಬಾ ಯೋಚನೆ ಮಾಡಿ. ಶುರು ಮಾಡಿದವರು ಬಿಟ್ಟುಬಿಡುವುದು ಇಲ್ಲೇ ಜಾಸ್ತಿ. ಕೆಲಸ ಒಂದು ಗಂಟೆಯಲ್ಲಿ ಮುಗಿಯಬೇಕು. ಕೆಟ್ಟರೂ ಕಾರು ಓಡುವಂತಿರಬೇಕು. ಮುಗಿದ ಮೇಲೆ ವ್ಯತ್ಯಾಸ ನಿಮ್ಮ ಕಣ್ಣಿಗೋ ಕಿವಿಗೋ ಮೂಗಿಗೋ ಗೊತ್ತಾಗಬೇಕು. ಬೇಕಾದ ಸಾಮಾನು ಕೈಗೆ ಬರುವ ತನಕ ಏನನ್ನೂ ಬಿಚ್ಚಬೇಡಿ. ಮರುದಿನ ಬೆಳಿಗ್ಗೆ ಕಾರು ಬೇಕೇಬೇಕು ಅನ್ನುವಂಥ ಸಂಜೆಯಂತೂ ಬೇಡವೇ ಬೇಡ. ಅವಸರದಲ್ಲಿ ಕೈ ತಪ್ಪುತ್ತದೆ, ತಪ್ಪಿದ ಕೈ ಮತ್ತೆ ಆರು ತಿಂಗಳು ಆ ಕಡೆ ಹೋಗುವುದಿಲ್ಲ.

ನಾನು ಆರಿಸಿದ್ದು ಕ್ಯಾಬಿನ್ ಫಿಲ್ಟರು. ಎಸಿ ಗಾಳಿ ಬರುವ ದಾರಿಯಲ್ಲಿ ಕೂರುವ ಕಾಗದದ ಫಿಲ್ಟರ್ ಇದು. ಬಹಳಷ್ಟು ಕಾರುಗಳಲ್ಲಿ ಗ್ಲೋವ್‌ಬಾಕ್ಸ್ ಹಿಂದೆ ಇರುತ್ತದೆ. ಕೆಲವುಗಳಲ್ಲಿ ಬಾನೆಟ್ ಕೆಳಗೆ, ಗಾಜಿನ ಬುಡದಲ್ಲಿ. ಮ್ಯಾನ್ಯುಯಲ್ ನೋಡಿದರೆ ತಿಳಿಯುತ್ತದೆ. ನಮ್ಮ ಕಾರಿನಲ್ಲಿ ಗಾಳಿ ತೀರಾ ಕಮ್ಮಿ ಆಗಿತ್ತು, ಹಾಕಿದ ಕೂಡಲೇ ಮುಗ್ಗಲು ವಾಸನೆ. ಹಿಂದಿನ ಸರ್ವಿಸ್ ಬಿಲ್ಲಿನಲ್ಲಿ "ಫಿಲ್ಟರ್ ಕ್ಲೀನ್" ಅಂತ ಎರಡು ಸಲ ಬರೆದಿತ್ತು.

ಗ್ಲೋವ್‌ಬಾಕ್ಸ್ ಖಾಲಿ ಮಾಡಿದೆ. ಎರಡೂ ಬದಿಯನ್ನು ಒಳಕ್ಕೆ ಒತ್ತಿದರೆ ಅದು ಕೆಳಕ್ಕೆ ಜೋತು ಬಿತ್ತು. ಹಿಂದೆ ಉದ್ದನೆಯ ಒಂದು ಮುಚ್ಚಳ, ಎರಡು ಕ್ಲಿಪ್ಪು. ಸ್ಪ್ಯಾನರ್ ಬೇಡ, ಸ್ಕ್ರೂಡ್ರೈವರ್ ಬೇಡ. ಮಗಳು ಟಾರ್ಚ್ ಹಿಡಿದಿದ್ದಳು. ಮೆಲ್ಲಗೆ ಎಳೆದೆ. ಬೆಳ್ಳಗಿರಬೇಕಾದ ಫಿಲ್ಟರು ಬೂದಿ ಬಣ್ಣಕ್ಕೆ ತಿರುಗಿತ್ತು. ಮಡಿಕೆಗಳ ನಡುವೆ ಒಣಗಿದ ಎಲೆ, ಕೂದಲು, ಒಂದು ಪುಟ್ಟ ಹಕ್ಕಿಯ ಗರಿ. "ಇದರಿಂದ ಬರೋ ಗಾಳೀನಾ ನಾವು ಕುಡೀತಿದ್ದದ್ದು?" ಅಂದಳು. ನನಗೆ ಉತ್ತರ ಹೇಳಲು ಆಗಲಿಲ್ಲ. ಹಳೆಯದರ ಅಂಚಿನಲ್ಲಿ ಗಾಳಿಯ ದಿಕ್ಕು ತೋರಿಸುವ ಬಾಣದ ಗುರುತು ಇರುತ್ತದೆ. ಹೊಸದನ್ನೂ ಅದೇ ದಿಕ್ಕಿಗೆ ಕೂರಿಸಬೇಕು. ಎಲ್ಲಾ ಸೇರಿ 25 ನಿಮಿಷ. ಬ್ಲೋವರ್ ಹಾಕಿದಾಗ ಗಾಳಿ ಮುಖಕ್ಕೆ ರಪ್ಪನೆ ಬಡಿಯಿತು. ಆವತ್ತು ರಾತ್ರಿ ನಾನಾಗಿಯೇ ಮ್ಯಾನ್ಯುಯಲ್ ತೆಗೆದು ಬ್ಯಾಟರಿಯ ಪುಟ ಓದಿದೆ. ಒಂದು ವರ್ಷ ಎಂಟು ತಿಂಗಳು ಕಾದರೂ ಬಾರದ ಹುಮ್ಮಸ್ಸು 25 ನಿಮಿಷದ ಕೆಲಸದಿಂದ ಬಂತು. ಆದ್ದರಿಂದಲೇ ಹೇಳುತ್ತೇನೆ, ಮನಸ್ಸು ಬರಲಿ ಅಂತ ಕಾಯಬೇಡಿ.

ಮುಂದಿನ ವಾರ ಬ್ಯಾಟರಿಯ ಪುಡಿ. ಇದಕ್ಕೆ ಕನ್ನಡಕ, ಗ್ಲೌಸ್ ಬೇಕು, ಆ ಪುಡಿಯಲ್ಲಿ ಆಸಿಡ್ ಇರುತ್ತದೆ. ಕೀ ತೆಗೆದು, ಮೊದಲು ಮೈನಸ್ ಕೇಬಲ್ ಬಿಚ್ಚಿ, ಆಮೇಲೆ ಪ್ಲಸ್. ಈ ಕ್ರಮಕ್ಕೆ ಕಾರಣ ಇದೆ. ಕಾರಿನ ಮೈಯೆಲ್ಲಾ ಮೈನಸ್‌ಗೆ ಸೇರಿರುತ್ತದೆ. ಮೈನಸ್ ಹಾಗೇ ಇದ್ದು, ಪ್ಲಸ್ ಬಿಚ್ಚುವ ಸ್ಪ್ಯಾನರ್ ಎಲ್ಲಾದರೂ ಲೋಹಕ್ಕೆ ತಗುಲಿದರೆ ಶಾರ್ಟ್ ಆಗಿ ಕಿಡಿ ಹಾರುತ್ತದೆ. ಅಡುಗೆ ಸೋಡಾ ನೀರಿನಲ್ಲಿ ಕಲಸಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಹಚ್ಚಿದರೆ ಪುಡಿ ನೊರೆ ಬಂದು ಕರಗುತ್ತದೆ. ಆ ನೀರು ಬ್ಯಾಟರಿಯ ಒಳಗೆ ಇಳಿಯಬಾರದು. ಒರೆಸಿ, ಒಣಗಿಸಿ, ಮೊದಲು ಪ್ಲಸ್, ಕೊನೆಗೆ ಮೈನಸ್ ಹಾಕಿ. ಮೇಲೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ. ಬೆಳಿಗ್ಗೆ ಮುಕ್ಕರಿಯುತ್ತಿದ್ದ ನಮ್ಮ ಕಾರು ಮರುದಿನ ಒಂದೇ ಸಲಕ್ಕೆ ಎದ್ದಿತು.

ಆದರೆ ಅದೇ ದಿನ ನನ್ನ ಎರಡನೇ ಭಯವೂ ನಿಜವಾಯಿತು. ಬ್ಯಾಟರಿ ಹಿಡಿದಿಡುವ ಪಟ್ಟಿಯ ಬೋಲ್ಟಿಗೆ ತುಕ್ಕು ಹಿಡಿದಿತ್ತು. ರಿಂಗ್ ಸ್ಪ್ಯಾನರ್ ಹಾಕಿ ಜೋರಾಗಿ ತಿರುಗಿಸಿದೆ. ಬೋಲ್ಟಿನ ಮೂಲೆಗಳು ಸವೆದು ಗುಂಡಗಾದವು. ಎದೆ ಧಸಕ್ಕೆಂದಿತು. ಸ್ವಲ್ಪ ಹೊತ್ತು ಹೊರಗೆ ನಡೆದಾಡಿ ಬಂದೆ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಮಾಡಿ ರಾತ್ರಿಯೆಲ್ಲಾ ಬಿಟ್ಟೆ. ಬೆಳಿಗ್ಗೆ ಆರು ಮೂಲೆಯ ಸಾಕೆಟ್ ಅನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ಬಿಗಿಯಾಗಿ ಕೂರಿಸಿ ನಿಧಾನಕ್ಕೆ ತಿರುಗಿಸಿದೆ. ಕಟಕ್ ಅಂತ ಸದ್ದು ಮಾಡಿ ಬಿಟ್ಟುಕೊಟ್ಟಿತು. ಹನ್ನೆರಡು ಮೂಲೆಯ ರಿಂಗಿಗಿಂತ ಆರು ಮೂಲೆಯದು ಬೋಲ್ಟನ್ನು ಚೆನ್ನಾಗಿ ಹಿಡಿಯುತ್ತದೆ. ಹೊಸ ಬೋಲ್ಟು ತಂದು ಹಾಕಿದೆ. ಒಂದು ದಿನ ಹೋಯಿತು, ಕಾರು ಹಾಳಾಗಲಿಲ್ಲ.

ವಾಪಸ್ ಜೋಡಿಸಲು ಬರದಿದ್ದರೆ ಅನ್ನುವ ಭಯಕ್ಕೆ ನಾನು ಮಾಡುವುದು ಹೀಗೆ. ಬಿಚ್ಚುವ ಮೊದಲು ಫೋಟೋ. ಆಮೇಲೆ ರಟ್ಟಿನ ಮೇಲೆ ಆ ಭಾಗದ ಆಕಾರ ಬರೆದು, ಬೋಲ್ಟು ಇದ್ದ ಜಾಗದಲ್ಲಿ ತೂತು ಮಾಡಿ, ಅದೇ ಬೋಲ್ಟನ್ನು ಅಲ್ಲೇ ಚುಚ್ಚಿಡುತ್ತೇನೆ. ಉದ್ದ ಗಿಡ್ಡ ಅದಲು ಬದಲಾಗುವ ಪ್ರಶ್ನೆಯೇ ಬರುವುದಿಲ್ಲ. ಜೋಡಿಸುವಾಗ ಮೊದಲ ನಾಲ್ಕೈದು ಸುತ್ತು ಬೆರಳಿನಿಂದಲೇ ತಿರುಗಿಸಿ. ಬೆರಳಿಗೆ ಬಿಗಿ ಅನ್ನಿಸಿದರೆ ಥ್ರೆಡ್ಡು ಅಡ್ಡ ಕೂತಿದೆ ಅಂತ ಅರ್ಥ. ಬಿಚ್ಚಿ ಮತ್ತೆ ಕೂರಿಸಿ.

ಕಾರಿನ ಅಡಿಗೆ ಹೋಗುವ ಕೆಲಸಗಳನ್ನು ನಾನು ಮೊದಲ ಆರು ತಿಂಗಳು ಮಾಡಲೇ ಇಲ್ಲ. ಬರೀ ಜಾಕಿಯ ಮೇಲೆ ನಿಂತಿರುವ ಕಾರಿನ ಅಡಿಗೆ ಕೈಯನ್ನೂ ಹಾಕಬೇಡಿ. ಗಟ್ಟಿ, ಸಮತಟ್ಟು ನೆಲ ಬೇಕು, ಎತ್ತದಿರುವ ಚಕ್ರಗಳಿಗೆ ಅಡ್ಡ ಕೊಟ್ಟಿರಬೇಕು, ಎತ್ತಿದ ಕಾರಿನ ಭಾರ ಹೊರುವ ಗಟ್ಟಿ ಕಾಲು, ಅಂದರೆ ಜಾಕ್ ಸ್ಟ್ಯಾಂಡ್, ಇರಬೇಕು. ಇದರಲ್ಲಿ ನನಗೆ ರಾಜಿ ಇಲ್ಲ.

ಆಮೇಲೆ ಒಂದು ದಿನ ಎಂಜಿನ್ ಲೈಟ್ ಹತ್ತಿತು. ಕಾರು ನಡುಗುತ್ತಿತ್ತು. ಆ ಲೈಟು ಮಿನುಗುತ್ತಿದ್ದರೆ ಕಾರನ್ನು ಓಡಿಸದಿರುವುದು ಒಳ್ಳೆಯದು, ಉರಿಯದ ಪೆಟ್ರೋಲು ಹೊಗೆ ಪೈಪಿನಲ್ಲಿದ್ದು ಹೊಗೆಯ ವಿಷ ಕಮ್ಮಿ ಮಾಡುವ ಕೆಟಲಿಟಿಕ್ ಕನ್ವರ್ಟರನ್ನು ಸುಟ್ಟು ಹಾಕುತ್ತದೆ. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಕಾರಿನ ದೋಷದ ಕೋಡ್ ಓದಿ ತೋರಿಸುವ ಚಿಕ್ಕ ಕೋಡ್ ರೀಡರ್ ಸಿಕ್ಕಿಸಿದೆ. ಪಿ0301 ಅಂತ ತೋರಿಸಿತು. ಅಂದರೆ ಒಂದನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಯಾಕೆ ಅಂತ ಕೋಡ್ ಹೇಳುವುದಿಲ್ಲ, ಎಲ್ಲಿ ನೋಡಬೇಕು ಅಂತ ಮಾತ್ರ ಹೇಳುತ್ತದೆ. ಕಿಡಿ ಹಾರಿಸುವ ಪ್ಲಗ್ ಇರಬಹುದು, ಆ ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್ ಇರಬಹುದು, ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರ್ ಇರಬಹುದು.

ನಮ್ಮ ಕಾರಿನಲ್ಲಿ ಒಂದೊಂದು ಪ್ಲಗ್ಗಿನ ಮೇಲೂ ಒಂದೊಂದು ಕಾಯಿಲ್ ಇದೆ. ಎಂಜಿನ್ ತಣ್ಣಗಾದ ಮೇಲೆ ಒಂದನೇದರ ಕಾಯಿಲನ್ನು ಎರಡನೇದಕ್ಕೆ, ಎರಡನೇದರದ್ದನ್ನು ಒಂದನೇದಕ್ಕೆ ಬದಲಿಸಿದೆ. ಕೋಡ್ ಅಳಿಸಿ ಕಾರು ಶುರು ಮಾಡಿದೆ. ಸ್ವಲ್ಪ ಹೊತ್ತಿಗೆ ಲೈಟ್ ಮತ್ತೆ ಬಂತು. ಈ ಸಲ ಪಿ0302. ತೊಂದರೆ ಕಾಯಿಲಿನ ಜೊತೆಗೇ ಪಕ್ಕದ ಮನೆಗೆ ಹೋಗಿತ್ತು! ಒಂದು ಹೊಸ ಸಾಮಾನೂ ಕೊಳ್ಳದೆ, ಯಾವುದು ಕೆಟ್ಟಿದೆ ಅಂತ ನಾನೇ ಕಂಡುಹಿಡಿದಿದ್ದೆ. ಮಗಳನ್ನು ಕೂಗಿ ಎರಡು ಸಲ ವಿವರಿಸಿದೆ.

ಹೊಸ ಕಾಯಿಲ್ ಹಾಕಲು ಹಿಡಿದದ್ದು ಹನ್ನೆರಡು ನಿಮಿಷ. ಹಳೇದನ್ನು ಎಸೆಯಲು ಹೋದರೆ ಅವಳು ಬಿಡಲಿಲ್ಲ. ಒಳಗೆ ಏನಿದೆ ಅಂತ ಬಿಚ್ಚಿ ನೋಡಬೇಕಂತೆ.