ವುಟುನ್ ವಾಕ್ಯಗಳನ್ನು ನಾನು ಬಿಡಿಸಿದ ಬಗೆ

ಚೀನಾದ ಛಿಂಗ್‌ಹಾಯ್ ಪ್ರಾಂತ್ಯದಲ್ಲಿ ಟೊಂಗ್‌ರೆನ್ ಅನ್ನುವ ಊರಿದೆ. ಟಿಬೆಟಿಯನ್ನರಿಗೆ ಅದು ರೆಬ್‌ಗೊಂಗ್. ಅದರ ಹತ್ತಿರದ ಕೆಲವು ಹಳ್ಳಿಗಳಲ್ಲಿ ಸುಮಾರು 4,000 ಜನ ವುಟುನ್ ಅನ್ನುವ ಭಾಷೆ ಮಾತಾಡುತ್ತಾರೆ. ಥಂಕಾ ಅನ್ನುವ, ಬಟ್ಟೆಯ ಮೇಲೆ ಬಿಡಿಸುವ ಬೌದ್ಧ ಚಿತ್ರಗಳಿಗೆ ಹೆಸರಾದ ಹಳ್ಳಿಗಳವು. ಈ ಭಾಷೆಯ ಪದಗಳು ಹೆಚ್ಚಾಗಿ ಚೀನೀ ಮೂಲದವು, ಅವನ್ನು ಜೋಡಿಸುವ ಕ್ರಮ ಆ ಭಾಗದ ಟಿಬೆಟಿಯನ್ ಆದ ಆಮ್ಡೊ ಟಿಬೆಟಿಯನ್‌ನದು. ಚೀನೀ ಭಾಷೆಯ ಸ್ವರದ ಏರಿಳಿತ ಇದರಲ್ಲಿ ಉಳಿದಿಲ್ಲ. ಇದನ್ನು ಕಲಬೆರಕೆ ಅಂತ ತಳ್ಳಿಹಾಕುವವರನ್ನು ಕಂಡರೆ ನನಗೆ ಬೇಜಾರು. ಇಷ್ಟು ಕಟ್ಟುನಿಟ್ಟಾದ ವ್ಯಾಕರಣ ಇರುವ ಭಾಷೆ ಇದು.

ನಾನು ಓದಿದ್ದು ಎರಿಕಾ ಸ್ಯಾಂಡ್‌ಮನ್ 2016ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಬರೆದ ವ್ಯಾಕರಣ. ವಿವರಣೆ ಇಂಗ್ಲಿಷಿನಲ್ಲಿದೆ. ಆದರೆ ಉದಾಹರಣೆಗಳನ್ನು ನೋಟ್‌ಬುಕ್‌ಗೆ ಇಳಿಸುವಾಗ ಪ್ರತಿ ತುಂಡಿನ ಕೆಳಗೂ ನೇರವಾಗಿ ಕನ್ನಡವನ್ನೇ ಬರೆದೆ. ಎರಡರಲ್ಲೂ ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ. ಪದಗಳನ್ನು ಹಿಂದೆ ಮುಂದೆ ಮಾಡುವ ಕೆಲಸವೇ ಬರಲಿಲ್ಲ. 'ಹ' ಅನ್ನುವ ಪ್ರತ್ಯಯ ಕೆಲವು ಕಡೆ ನಮ್ಮ 'ಗೆ', ಕೆಲವು ಕಡೆ 'ಅನ್ನು'.

ಚೀನೀ ಮೂಲದ್ದಕ್ಕೆ ಕೆಂಪು ಪೆನ್ನು, ಟಿಬೆಟಿಯನ್‌ಗೆ ನೀಲಿ ಇಟ್ಟುಕೊಂಡಿದ್ದೆ. 'ಲ್ಯಾಂಗೆ' ಬಂದಾಗ ಒಂದೇ ಬಣ್ಣ ಸಾಲಲಿಲ್ಲ. ಚೀನೀಯಲ್ಲಿ ಅದು 'ಎರಡು'. ವುಟುನ್‌ನಲ್ಲಿ ನಾಮಪದದ ಕೊನೆಗೆ ಅಂಟಿಕೊಂಡು 'ಅಮ್ಮನ ಜೊತೆ', 'ಚಾಕುವಿನಿಂದ' ಅನ್ನುವಂಥ ಕಡೆ ಬರುತ್ತದೆ. ಆಕಾರ ಚೀನೀ, ಮಾಡುವ ಕೆಲಸ ವಿಭಕ್ತಿಯದು. ಅಕ್ಷರಗಳನ್ನು ಕೆಂಪಿನಲ್ಲಿ ಬರೆದು ಅಡಿಗೆರೆ ನೀಲಿಯಲ್ಲಿ ಎಳೆದೆ. ಆಮೇಲೆ ಪುಟ ಪುಟದಲ್ಲೂ ಇಂಥವು ಸಿಕ್ಕವು. ನನಗೆ ತುಂಬಾ ಹಿಡಿಸಿದ ಭಾಗ ಇದೇ.

ಜಾಸ್ತಿ ಹೊತ್ತು ಹಿಡಿದದ್ದು ಕ್ರಿಯಾಪದದ ಕೊನೆ. ಕನ್ನಡದಲ್ಲಿ 'ತಿಂದೆ', 'ತಿಂದಳು' ಅಂದರೆ ಯಾರು ಅಂತ ಗೊತ್ತಾಗುತ್ತೆ, ಅಲ್ವಾ? ಇಲ್ಲಿ ಗೊತ್ತಾಗುವುದು ಬೇರೆಯೇ. ಮಾತಾಡುವವರು ತಾವೇ ಮಾಡುತ್ತಿರುವುದನ್ನು ಹೇಳುವಾಗ 'ಯೆಕ್'. ಕಣ್ಣಾರೆ ಕಂಡದ್ದಕ್ಕೆ, ಊಹಿಸಿ ತಿಳಿದದ್ದಕ್ಕೆ 'ಲಿ'. ಎಲ್ಲರಿಗೂ ಗೊತ್ತಿರುವ ವಿಷಯಕ್ಕೆ 'ರೆ'. ಹಾಗಾಗಿ ಪ್ರತಿ ವಾಕ್ಯದ ಪಕ್ಕ 'ಇದು ಇವರಿಗೆ ಗೊತ್ತಾದದ್ದು ಹೇಗೆ?' ಅಂತ ಕೇಳಿಕೊಂಡು ಉತ್ತರ ಬರೆಯುತ್ತಾ ಹೋದೆ.

ಪ್ರಶ್ನೆಗಳನ್ನು ಬೇರೆ ಪುಟಕ್ಕೆ ಎತ್ತಿಕೊಂಡೆ. 'ನೀನು ಏನು ಮಾಡ್ತಿದ್ದೀಯ?' ಅಂತ ಕೇಳುವಾಗ 'ಯೆಕ್' ಬರಬಹುದು, ಯಾಕೆಂದರೆ ಉತ್ತರ ಗೊತ್ತಿರುವುದು ಕೇಳಿಸಿಕೊಳ್ಳುವವರಿಗೆ. ಅದೇ ಮಾತನ್ನು ಮೂರನೆಯವರ ಬಗ್ಗೆ ಕೇಳಿದರೆ ಸಾಮಾನ್ಯವಾಗಿ 'ಲಿ'. ಈ ಎರಡು ಸಾಲುಗಳನ್ನು ಒಂದರ ಕೆಳಗೊಂದು ಬರೆದ ಮೇಲೆ ಮೂರೂ ಪ್ರತ್ಯಯಗಳು ತಮ್ಮ ತಮ್ಮ ಜಾಗಕ್ಕೆ ಬಂದವು.