ನ್ಯೂಯಾರ್ಕ್ ಸಿಟಿ ಕೌನ್ಸಿಲ್‌ಗೆ ಓಟು ಹಾಕುವುದು ಹೇಗೆ?

ನ್ಯೂಯಾರ್ಕಿನಲ್ಲಿ ಪೌರತ್ವ ಪಡೆದ ನಮ್ಮವರು ಅಧ್ಯಕ್ಷರ ಚುನಾವಣೆಗೆ ತಪ್ಪದೆ ಹೋಗುತ್ತಾರೆ. ಸಿಟಿ ಕೌನ್ಸಿಲ್ ಅಂದರೆ ಮಾತ್ರ ‘ಯಾರು ಬಂದ್ರೂ ಅಷ್ಟೇ ಬಿಡಿ’ ಅನ್ನುತ್ತಾರೆ. ಹೋದವರಲ್ಲೂ ಹಲವರು ಐದು ಕಾಲಂಗಳ ಮತಪತ್ರ ನೋಡಿ ಗಾಬರಿಯಾಗಿ, ಒಂದೇ ಹೆಸರಿಗೆ ಗುರುತು ಹಾಕಿ ಬಂದುಬಿಡುತ್ತಾರೆ. ನಗರದ ಬಜೆಟ್ ಪಾಸು ಮಾಡುವುದು 51 ಸದಸ್ಯರ ಈ ಕೌನ್ಸಿಲ್. ಬಾಡಿಗೆ, ಕಸ, ಪಾರ್ಕು, ಎಲ್ಲಕ್ಕೂ ಇದರ ಕೈ ತಾಗುತ್ತದೆ.

ಹಂತ 1: ಪಕ್ಷ ನೋಡಿಕೊಳ್ಳಿ. ನಗರದ ಬಹುಪಾಲು ಕ್ಷೇತ್ರಗಳಲ್ಲಿ ಗೆಲ್ಲುವವರು ಯಾರೆಂದು ಜೂನ್ ತಿಂಗಳ ಡೆಮಾಕ್ರಟಿಕ್ ಪ್ರೈಮರಿಯಲ್ಲೇ, ಅಂದರೆ ನವೆಂಬರ್ ಚುನಾವಣೆಗೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನದಲ್ಲೇ ತೀರ್ಮಾನವಾಗುತ್ತದೆ. ಆ ಪಕ್ಷದ ಹೆಸರಲ್ಲಿ ನೋಂದಾಯಿಸಿಕೊಂಡವರಿಗೆ ಮಾತ್ರ ಅಲ್ಲಿ ಓಟು. ‘ನನಗ್ಯಾವ ಪಕ್ಷವೂ ಬೇಡ’ ಎಂದು ಮತದಾರರ ನೋಂದಣಿ ಅರ್ಜಿಯಲ್ಲಿ ಪಕ್ಷದ ಜಾಗ ಖಾಲಿ ಬಿಟ್ಟವರು ಬಾಗಿಲಲ್ಲೇ ವಾಪಸ್. ಪಕ್ಷ ಬದಲಿಸಲು ಫೆಬ್ರವರಿ 14 ಕಡೇ ದಿನ, ಜೂನ್‌ನಲ್ಲಿ ನೆನಪಾದರೆ ಏನೂ ಮಾಡಲಾಗದು. ನನ್ನ ಸಲಹೆ ಕೇಳಿದರೆ, ಸಿದ್ಧಾಂತ ಪಕ್ಕಕ್ಕಿಟ್ಟು ನಿಮ್ಮ ಕ್ಷೇತ್ರದಲ್ಲಿ ಯಾವ ಪ್ರೈಮರಿಗೆ ಬೆಲೆ ಇದೆಯೋ ಅಲ್ಲಿ ಹೆಸರು ಬರೆಸಿ. ಗ್ರೀನ್ ಕಾರ್ಡ್ ಇರುವವರಿಗೆ ಓಟು ಕೊಡುವ ಕಾನೂನನ್ನು ಕೌನ್ಸಿಲ್ 2021ರಲ್ಲಿ ಮಾಡಿತ್ತು. ರಾಜ್ಯದ ಅತ್ಯುನ್ನತ ಕೋರ್ಟು 2025ರಲ್ಲಿ ಅದನ್ನು ರದ್ದು ಮಾಡಿದೆ. ಹಾಗಾಗಿ ಪೌರರಿಗೆ ಮಾತ್ರ.

ಹಂತ 2: ಅಭ್ಯರ್ಥಿಗಳನ್ನು ಓದಿಕೊಳ್ಳಿ. ಚುನಾವಣಾ ಪ್ರಚಾರದ ಹಣದ ಮೇಲೆ ಕಣ್ಣಿಡುವ ನಗರದ ಸಂಸ್ಥೆ ಕ್ಯಾಂಪೇನ್ ಫೈನಾನ್ಸ್ ಬೋರ್ಡಿನ ಮತದಾರರ ಕೈಪಿಡಿ ಸಾಕು. ಸಬ್‌ವೇ ಮೆಟ್ಟಿಲ ಹತ್ತಿರ ಕೈಗೆ ತುರುಕುವ ಬಣ್ಣದ ಕಾರ್ಡುಗಳನ್ನು ನಂಬಬೇಡಿ. ವಾಟ್ಸ್ಆ್ಯಪ್‌ನಲ್ಲಿ ಬರುವ ‘ಹೀಗೇ ತುಂಬಿ’ ಎಂಬ ಚಿತ್ರವಂತೂ ಎಷ್ಟೋ ಸಲ ಬೇರೆ ಕ್ಷೇತ್ರದ್ದಾಗಿರುತ್ತದೆ. ಐದು ಹೆಸರು ಕ್ರಮವಾಗಿ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಚೀಟಿ ಒಳಗೆ ಒಯ್ಯಬಹುದು.

ಹಂತ 3: ಮತಪತ್ರ ತುಂಬುವುದು. ಎಡವುವುದೆಲ್ಲ ಇಲ್ಲೇ. ಪ್ರೈಮರಿಯಲ್ಲಿ ಐವರವರೆಗೆ ಇಷ್ಟದ ಕ್ರಮದಲ್ಲಿ ಆರಿಸುವ ಪದ್ಧತಿ ಇದೆ. 2019ರಲ್ಲಿ ಜನರೇ ಮತ ಹಾಕಿ ಒಪ್ಪಿದ ಇದು 2021ರಿಂದ ಜಾರಿಯಲ್ಲಿದೆ. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ ಓಟು ಹಾಕಿದವರಿಗೆ ಪ್ರಾಶಸ್ತ್ಯದ ಮತ ಗೊತ್ತಿರುತ್ತದೆ. ಅಲ್ಲಿ ಹೆಸರಿನ ಮುಂದೆ 1, 2, 3 ಎಂದು ಬರೆಯುತ್ತೇವೆ. ಇಲ್ಲಿ ಬರೆಯುವಂತಿಲ್ಲ. ಒಂದೊಂದು ಅಡ್ಡಸಾಲಿಗೆ ಒಬ್ಬೊಬ್ಬ ಅಭ್ಯರ್ಥಿ, ಎಡದಿಂದ ಬಲಕ್ಕೆ ಒಂದರಿಂದ ಐದನೇ ಆಯ್ಕೆಯ ಕಾಲಂ. ಸಿಇಟಿಯ ಓಎಂಆರ್ ಹಾಳೆಯಂತೆ ಖಾನೆಯನ್ನು ಪೂರ್ತಿ ಕಪ್ಪು ಮಾಡಬೇಕು. ನೆನಪಿಡಬೇಕಾದ್ದು ಇಷ್ಟೇ: ಒಂದು ಕಾಲಂನಲ್ಲಿ ಒಂದೇ ಖಾನೆ, ಒಂದು ಸಾಲಿನಲ್ಲೂ ಒಂದೇ ಖಾನೆ.

ಅಭಿಮಾನ ಉಕ್ಕಿ ಒಬ್ಬರಿಗೇ ಐದೂ ಖಾನೆ ತುಂಬುವವರಿದ್ದಾರೆ. ಅದು ಐದು ಓಟಾಗುವುದಿಲ್ಲ. ಒಂದೇ ಲೆಕ್ಕ, ಉಳಿದ ನಾಲ್ಕು ದಂಡ. ಇನ್ನು ಕೆಲವರು ಇಬ್ಬರನ್ನೂ ಮೆಚ್ಚಿಸಲು ಇಬ್ಬರಿಗೂ ಮೊದಲನೇ ಕಾಲಂ ಕೊಡುತ್ತಾರೆ. ಆಗ ಆ ಹುದ್ದೆಗೆ ಹಾಕಿದ ಓಟೇ ಹೋಯಿತು. ಮತಪತ್ರ ಹಾಕುವ ಸ್ಕ್ಯಾನರ್ ಎಚ್ಚರಿಸಿದರೆ ಸುಮ್ನೆ ಗುಂಡಿ ಒತ್ತಿ ಮುಂದೆ ಹೋಗಬೇಡಿ. ಹೊಸ ಮತಪತ್ರ ಕೇಳಿ, ಕೊಡುತ್ತಾರೆ.

‘ಎರಡನೇ ಹೆಸರು ಬರೆದರೆ ನಮ್ಮ ಹುಡುಗನಿಗೆ ಪೆಟ್ಟು’ ಎಂಬ ಭಯವೂ ಇದೆ. ಹಾಗೇನೂ ಇಲ್ಲ. ಮೊದಲ ಆಯ್ಕೆಯಲ್ಲೇ ಯಾರಿಗಾದರೂ ಅರ್ಧಕ್ಕಿಂತ ಜಾಸ್ತಿ ಬಂದರೆ ಆಟ ಮುಗಿಯಿತು. ಬರದಿದ್ದರೆ ಕಡೇ ಸ್ಥಾನದವರನ್ನು ಕೈಬಿಟ್ಟು, ಅವರ ಮತಪತ್ರಗಳಲ್ಲಿರುವ ಮುಂದಿನ ಹೆಸರಿಗೆ ಓಟು ದಾಟಿಸುತ್ತಾರೆ. ನಿಮ್ಮ ಮೊದಲ ಆಯ್ಕೆ ಕಣದಲ್ಲಿ ಇರುವವರೆಗೆ ಎರಡನೇ ಹೆಸರನ್ನು ಯಾರೂ ಮುಟ್ಟುವುದಿಲ್ಲ.

ಒಂದೇ ಹೆಸರು ಬರೆದು, ಆ ವ್ಯಕ್ತಿ ಸೋತು ಹೊರಬಿದ್ದರೆ? ನಿಮ್ಮ ಹಾಳೆ ಅಲ್ಲಿಗೆ ನಿಂತಿತು. 2021ರ ಮೇಯರ್ ಪ್ರೈಮರಿಯಲ್ಲಿ ಕಡೇ ಸುತ್ತಿಗೆ ಉಳಿದಿದ್ದವರು ಎರಿಕ್ ಆಡಮ್ಸ್ ಮತ್ತು ಕ್ಯಾಥರಿನ್ ಗಾರ್ಸಿಯಾ. ಆಡಮ್ಸ್ ಗೆದ್ದದ್ದು 7,197 ಮತಗಳಿಂದ. ಆ ಸುತ್ತಿಗೆ ತಲುಪದೆ ಮಧ್ಯದಲ್ಲೇ ನಿಂತ ಮತಪತ್ರಗಳು ಸುಮಾರು 1,40,000! ಅದಕ್ಕೇ ಹೇಳುವುದು, ನಾಲ್ಕನೇ ಐದನೇ ಹೆಸರನ್ನೂ ಯೋಚಿಸಿ ಬರೆಯಿರಿ, ಅದರಲ್ಲಿ ಗೆಲ್ಲುವ ಸಾಧ್ಯತೆ ಇರುವ ಒಬ್ಬರಾದರೂ ಇರಲಿ. ಬಂದೇ ಬಾರದು ಅನ್ನಿಸುವವರ ಹೆಸರನ್ನು ಮಾತ್ರ ಐದನೆಯದಾಗಿಯೂ ತುಂಬಬೇಡಿ.

ಪೆನ್ನು ಅವರೇ ಕೊಡುತ್ತಾರೆ. ಜೆಲ್ ಪೆನ್ನು ಜೇಬಲ್ಲೇ ಇರಲಿ, ಒದ್ದೆ ಇಂಕು ಪಕ್ಕದ ಖಾನೆಗೆ ಒರೆಸಿಕೊಂಡರೆ ತೊಂದರೆ. ತುಂಬಿದ ಹಾಳೆಯ ಜೊತೆ ಸೆಲ್ಫಿ ಬೇಡವೇ ಬೇಡ, ಆ ರಾಜ್ಯದಲ್ಲಿ ಅದು ಕಾನೂನಿಗೆ ವಿರುದ್ಧ.

ಹಂತ 4: ಬೇಗ ಹೋಗಿ. ಪ್ರೈಮರಿಗೆ ಮೊದಲು ಒಂಬತ್ತು ದಿನ ಮುಂಗಡ ಮತದಾನ ಇರುತ್ತದೆ. ಅಂಚೆಯಲ್ಲಿ ಕಳಿಸುವುದು ಸುಲಭ ಅನ್ನಿಸಬಹುದು, ಆದರೆ ಒಳಲಕೋಟೆಗೆ ಸಹಿ ಹಾಕಲು ಮರೆಯುವವರಿದ್ದಾರೆ. ಕಾಲು ಗಟ್ಟಿ ಇದ್ದರೆ ನಡೆದೇ ಹೋಗಿ.

ಪ್ರೈಮರಿಯ ರಾತ್ರಿ ಟಿವಿಯಲ್ಲಿ ಬರುವುದು ಮೊದಲ ಆಯ್ಕೆಗಳ ಲೆಕ್ಕ ಮಾತ್ರ. ಹತ್ತಿರದ ಸ್ಪರ್ಧೆ ಇದ್ದರೆ ಸುತ್ತುಗಳ ಲೆಕ್ಕಕ್ಕೆ ಒಂದು ವಾರ ಕಾಯಬೇಕು.

ಹಂತ 5: ನವೆಂಬರ್. ಈಗ ಕಾಲಂ ಇಲ್ಲ, ಹಳೇ ಪದ್ಧತಿ, ಒಬ್ಬರಿಗೆ ಒಂದು ಓಟು. ಒಂದೇ ಹೆಸರು ಎರಡು ಪಕ್ಷಗಳ ಸಾಲಿನಲ್ಲಿ ಕಾಣಿಸಿದರೆ ಬೆಚ್ಚಬೇಡಿ, ಅಲ್ಲಿ ಅದು ಮಾಮೂಲು. ಎರಡರಲ್ಲಿ ಒಂದನ್ನು ತುಂಬಿ. ಹಾಳೆ ತಿರುಗಿಸಿಯೂ ನೋಡಿ. 2025ರ ನವೆಂಬರ್‌ನಲ್ಲಿ ಅಭ್ಯರ್ಥಿಗಳ ಜೊತೆ ಆರು ಪ್ರಶ್ನೆಗಳಿಗೂ ಹೌದು-ಇಲ್ಲ ಹೇಳಬೇಕಿತ್ತು. ಕೆಲವು ಪ್ರಶ್ನೆಗಳು ಮನೆ ಕಟ್ಟುವ ವಿಷಯದಲ್ಲಿ ಇದೇ ಕೌನ್ಸಿಲ್‌ನ ಅಧಿಕಾರಕ್ಕೆ ಕತ್ತರಿ ಹಾಕುವಂಥವು, ಮತ್ತು ಅವು ಪಾಸಾದವು.