ಚೆಸ್‌ನಲ್ಲಿ ಪಾನ್ (ಪದಾತಿ) ಒಂದು ಕಡಿಮೆಯಿದ್ದಾಗ ಡ್ರಾ ಉಳಿಸಿಕೊಳ್ಳುವುದು ಹೇಗೆ

ನನ್ನ ಚೆಸ್ ಕ್ಲಬ್ಬಿನ ಮಕ್ಕಳು ಟೂರ್ನಿಯಲ್ಲಿ ಡ್ರಾದ ಅರ್ಧ ಪಾಯಿಂಟ್ ಕಳೆದುಕೊಳ್ಳುವುದು ಹೆಚ್ಚಾಗಿ ಆಟದ ಕೊನೆಯ ಗಂಟೆಯಲ್ಲಿ. ಇಬ್ಬರಿಗೂ ಒಂದೊಂದು ಆನೆ, ಎದುರಾಳಿಗೆ ಮಾತ್ರ ಒಂದು ಪಾನ್. "ಸರ್, ಪಾನ್ ಹೋಗಿತ್ತಲ್ಲ, ಅದಕ್ಕೇ ಸೋತೆ" ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಫ್ರಾನ್ಸಿನ ಸಂಗೀತಗಾರ, ಚೆಸ್ ಆಟಗಾರ ಫಿಲಿಡೋರ್ 18ನೇ ಶತಮಾನದಲ್ಲೇ ಇದಕ್ಕೆ ದಾರಿ ತೋರಿಸಿದ್ದಾನೆ.

ಬೋರ್ಡ್ ತೆಗೆದುಕೊಳ್ಳಿ. ಎ-ಯಿಂದ ಎಚ್‌ವರೆಗಿನ ಅಕ್ಷರ ಲಂಬ ಸಾಲನ್ನು, ಬಿಳಿಯ ಕಡೆಯಿಂದ ಎಣಿಸುವ ಅಂಕೆ ಅಡ್ಡ ಸಾಲನ್ನು ಹೇಳುತ್ತದೆ. ನೀವು ಕಪ್ಪು: ರಾಜ ಇ8, ಆನೆ ಎ6. ಬಿಳಿ: ರಾಜ ಡಿ5, ಪಾನ್ ಇ5, ಆನೆ ಎಚ್7.

ನಿಮ್ಮ ಆನೆ ಆರನೆಯ ಸಾಲಿನಲ್ಲಿರುವವರೆಗೆ ಬಿಳಿ ರಾಜ ಆ ಸಾಲಿಗೆ ಕಾಲಿಡುವಂತಿಲ್ಲ. ಎ6, ಬಿ6 ಎಂದು ಅಲ್ಲೇ ಓಡಾಡಿಸುತ್ತಾ ಕಾಯಿರಿ. ಬಿಳಿ ಆನೆಯ, ರಾಜನ ಏಟಿಗೆ ಸಿಗಬಾರದು, ಅಷ್ಟೇ. ಸುಮ್ಮನೆ ಚೆಕ್ ಕೊಡುವ ಆಸೆ ಬೇಡ. ಇನ್ನು ಬೇರೆ ದಾರಿ ಕಾಣದೆ ಬಿಳಿ ಪಾನನ್ನು ಇ6ಕ್ಕೆ ನೂಕಿದ ಮರುಕ್ಷಣವೇ ಆನೆಯನ್ನು ಎ1ಕ್ಕೆ ಇಳಿಸಿ, ಹಿಂದಿನಿಂದ ಚೆಕ್ ಮೇಲೆ ಚೆಕ್ ಕೊಡಿ. ರಾಜ ಮರೆಯಾಗಬೇಕಿದ್ದ ಚೌಕದಲ್ಲಿ ಈಗ ಅವನದೇ ಪಾನ್ ನಿಂತಿದೆ! ಈ ಜಾಣತನ ಎಷ್ಟು ಸಲ ತೋರಿಸಿದರೂ ನನಗೆ ಬೇಸರ ಬಂದಿಲ್ಲ. ಹೆದರಿ ಆನೆಯನ್ನು ಎಂಟನೆಯ ಸಾಲಿಗೆ ಎಳೆದುಕೊಂಡು ಕೂತರೆ ಮಾತ್ರ, ನಡುವಿನ ಪಾನ್ ಎದುರು ಸೋಲು ಖಚಿತ.

ಮುಂದಿನದು ನಿಯಮದ ವಿಷಯ. ಒಂದೇ ಸ್ಥಿತಿ ಮೂರು ಸಲ ಬಂದರೆ ಡ್ರಾ ಕೇಳಬಹುದು. ಬೆನ್ನುಬೆನ್ನಿಗೇ ಬರಬೇಕೆಂದಿಲ್ಲ, ಸರದಿ ಮಾತ್ರ ಅದೇ ಆಟಗಾರನದ್ದಾಗಿರಬೇಕು. ನಿಮ್ಮ ನಡೆಯಿಂದ ಮೂರನೆಯ ಸಲ ಬರುವುದಿದ್ದರೆ ಆ ನಡೆಯನ್ನು ಸ್ಕೋರ್‌ಶೀಟಿನಲ್ಲಿ (ನಡೆಗಳನ್ನು ಬರೆದಿಡುವ ಹಾಳೆ) ಬರೆಯಿರಿ, ಆಡಬೇಡಿ. ಗಡಿಯಾರ ನಿಲ್ಲಿಸಿ ಆರ್ಬಿಟರನ್ನು (ತೀರ್ಪುಗಾರರನ್ನು) ಕರೆಯಿರಿ. ಆಡಿ ಗಡಿಯಾರ ಒತ್ತಿದಿರೋ, ಆ ಅವಕಾಶ ಹೋಯಿತು. ಲೆಕ್ಕ ತಪ್ಪಿದ್ದರೆ ಎದುರಾಳಿಗೆ 2 ನಿಮಿಷ ಹೆಚ್ಚು ಸಿಗುತ್ತದೆ. ಆದ್ದರಿಂದ ಶೀಟು ಓದುವಂತಿರಲಿ; ಪ್ರತಿ ನಡೆಗೆ 30 ಸೆಕೆಂಡ್ ಸೇರುವ ಆಟದಲ್ಲಿ ಕೊನೆಯವರೆಗೂ ಬರೆಯಲೇಬೇಕು. ಪಾನ್ ಕದಲದೆ, ಯಾವ ಕಾಯಿಯೂ ಹೊಡೆಯಲ್ಪಡದೆ ಇಬ್ಬರೂ 50 ನಡೆ ಆಡಿದ್ದರೂ ಇದೇ ರೀತಿ ಕೇಳಬಹುದು.

ಮನೆಯಲ್ಲಿ ಜೊತೆಗಾರನೊಬ್ಬನನ್ನು ಕೂರಿಸಿಕೊಂಡು, ಗಡಿಯಾರದಲ್ಲಿ 2 ನಿಮಿಷವಷ್ಟೇ ಇಟ್ಟು, ನಡೆಗೆ 30 ಸೆಕೆಂಡ್ ಸೇರಿಸಿ ಆಡಿ. ಆಮೇಲೆ ಬಣ್ಣ ಬದಲಿಸಿ. ಪಾನನ್ನು ಸಿ ಲಂಬ ಸಾಲಿಗೆ, ಎಫ್ ಲಂಬ ಸಾಲಿಗೆ ಸರಿಸಿ ಮತ್ತೆ ಆಡಿ.